ನೋರಾ ಅಜ್ಜಿಯ ಹಳೇ ದಾರಿ

ಆಗಿನ್ನೂ ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡ್‌ನ ನಮ್ಮ ಬೀದಿಯಲ್ಲಿ ಹಿತ್ತಲುಗಳ ನಡುವೆ ಎತ್ತರದ ಬೇಲಿ ಎದ್ದಿರಲಿಲ್ಲ. ಅಪ್ಪ ಔಷಧ ಕಾರ್ಖಾನೆಗೆ, ಅಮ್ಮ ಆಸ್ಪತ್ರೆಯ ಡ್ಯೂಟಿಗೆ ಹೋದರೆ, ಶಾಲೆ ಬಿಟ್ಟ ಮೇಲೆ ನನ್ನ ಠಿಕಾಣಿ ಪಕ್ಕದ ಮನೆಯ ನೋರಾ ಅಜ್ಜಿಯ ಅಡುಗೆಮನೆ. ಐರ್ಲೆಂಡಿನ ಹಳ್ಳಿಯಿಂದ ಹರೆಯದಲ್ಲೇ ಬಂದವಳು. ಅಮ್ಮ ಕಳಿಸಿದ ಹುಳಿ ಮಜ್ಜಿಗೆಯಲ್ಲಿ ಸೋಡಾ ಬ್ರೆಡ್ಡಿನ ಹಿಟ್ಟು ಕಲಸುತ್ತಿದ್ದಳು. ಅದು ಬೇಯುವ ವಾಸನೆಗೇ ನನ್ನ ಬಾಯಲ್ಲಿ ನೀರೂರುತ್ತಿತ್ತು.

ಬ್ರೆಡ್ಡು ಬೇಯುವಷ್ಟು ಹೊತ್ತು ನಮ್ಮದು ಒಂದೇ ಆಟ. ಅವಳು ಕಣ್ಣು ಮುಚ್ಚಿಕೊಂಡು ತನ್ನೂರಿನ ಹಳೇ ದಾರಿಯಲ್ಲಿ ನಡೆಯುವುದು, ನಾನು ಅದನ್ನು ಹಾಳೆಯ ಮೇಲೆ ಗೀಚುವುದು. ಮನೆ ದಾಟಿದರೆ ತೊರೆ, ತೊರೆ ದಾಟಿದರೆ ಬಾವಿ, ಆಮೇಲೆ ಜೌಗು ನೆಲ, ಅಲ್ಲಿಂದ ಮೇಲೆ ಹತ್ತಿದರೆ ಇಗರ್ಜಿ. ನಡುವೆ ಒಂದು ಚಪ್ಪಟೆ ಕಲ್ಲು. ಊರಲ್ಲಿ ಯಾರೇ ಸತ್ತರೂ ಶವಪೆಟ್ಟಿಗೆಯನ್ನು ಆ ಕಲ್ಲಿನ ಮೇಲೆ ಇಳಿಸಿ, ಹೊತ್ತವರು ಒಂದೊಂದು ಬೆಣಚುಕಲ್ಲು ಇಟ್ಟು ಮುಂದೆ ಹೋಗಬೇಕು. ಅವಳ ಅವ್ವ, ಅಪ್ಪ ಇಬ್ಬರೂ ಹಾಗೇ ಹೋಗಿದ್ದರು. ಈಗ ಹೊಸ ರಸ್ತೆಯಾಗಿದೆ, ಹಳೇ ದಾರಿ ಯಾರಿಗೂ ಬೇಡ ಎಂದು ಅವಳಿಗೆ ಕೊರಗು.

ನನಗೆ ಒಂಬತ್ತು ತುಂಬಿದ ಚಳಿಗಾಲ ಅವಳು ಹಾಸಿಗೆ ಹಿಡಿದಳು. ಒಂದು ಸಂಜೆ ಆ ನಕ್ಷೆಯನ್ನು ಮಡಚಿ ನನ್ನ ಕೈಗಿಟ್ಟಳು.

"ನನ್ನನ್ನ ಊರಿಗೆ ಒಯ್ಯೋವಾಗ ಇದನ್ನ ಡೆಕ್ಲನ್‌ಗೆ ಕೊಡು. ಅವನು ಇಲ್ಲೇ ಹುಟ್ಟಿದವನು, ದಾರಿ ಗೊತ್ತಿಲ್ಲ. ನಿನ್ನ ಕೈಯಾರೆ ಕೊಡಬೇಕು," ಅಂದಳು. ಡೆಕ್ಲನ್ ಲೀಡ್ಸ್‌ನಲ್ಲಿದ್ದ ಅವಳ ಮಗ. ಕೊಡುತ್ತೇನೆಂದು ಆಣೆ ಮಾಡಿದೆ.

ಹದಿನೈದು ದಿನಕ್ಕೆ ಹೋಗಿಬಿಟ್ಟಳು. ಪೆಟ್ಟಿಗೆ ಒಂದು ದಿನ ಮನೆಯಲ್ಲಿತ್ತು. ನಕ್ಷೆ ಹಿಡಿದು ಹೊರಟ ನನ್ನನ್ನು ಅಮ್ಮ ಬಾಗಿಲಲ್ಲೇ ತಡೆದಳು.

"ಸಾವಿನ ಮನೆಗೆ ಮಕ್ಕಳು ಹೋಗಬಾರದು ಪುಟ್ಟಿ. ಡ್ರಾಯಿಂಗ್ ಆಮೇಲೆ ಕೊಡುವಿಯಂತೆ."

ಅಮ್ಮ ಕೆಟ್ಟವಳಲ್ಲ. ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದುಕೊಂಡು ಅನ್ನ ಸಾರು ಮಾಡಿ, ಡಬ್ಬಿಗೆ ತುಂಬಿ ಅಪ್ಪನ ಕೈಲಿ ಕಳಿಸಿದಳು. ಹೊರಡುವಾಗ ಅಪ್ಪ ಏನಾದರೂ ಕೊಡುವುದಿದೆಯಾ ಎಂದು ನನ್ನನ್ನು ಕೇಳಿದರು ಕೂಡ. ಅಜ್ಜಿ ಕೈಯಾರೆ ಅಂದಿದ್ದಳಲ್ಲ! ನಕ್ಷೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಇಲ್ಲವೆಂದೆ. ಮರುದಿನ ಬೆಳಿಗ್ಗೆ ಪೆಟ್ಟಿಗೆ ಐರ್ಲೆಂಡಿಗೆ ಹೊರಟುಹೋಯಿತು.

ವಾರ ಕಳೆದು ಡೆಕ್ಲನ್ ಡಬ್ಬಿ ಹಿಂದಿರುಗಿಸಲು ಬಂದರು. ಆಗ ಕೊಟ್ಟೆ, ಕೈಯಾರೆ. ಅವರು ನಿಂತಲ್ಲೇ ಬಿಡಿಸಿ, ತೊರೆಯಿಂದ ಶುರುಮಾಡಿ ಬೆರಳಾಡಿಸುತ್ತ ಬಂದರು. ಕಲ್ಲಿನ ಹತ್ತಿರ ಬೆರಳು ನಿಂತಿತು. ಇದೇನು ಎಂದು ಕೇಳಿದರು. ಅಜ್ಜಿ ಹೇಳಿದ್ದನ್ನೆಲ್ಲ ಹೇಳಿದೆ.

"ನಾವು ಇಗರ್ಜಿಗೆ ಹೊಸ ರಸ್ತೇಲಿ ಕಾರಲ್ಲಿ ಹೋದ್ವಿ. ಐದೇ ನಿಮಿಷ ಆಯ್ತು," ಅಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ಈಗಲೂ ಅದೇ ಮನೆಯಲ್ಲಿದ್ದೇನೆ. ನಡುವೆ ಬೇಲಿ ಎದ್ದಿದೆ; ನನ್ನ ಮಗಳಿಗೆ ಪಕ್ಕದವರ ಹೆಸರೂ ಗೊತ್ತಿಲ್ಲ. ಕಳೆದ ಬೇಸಿಗೆಯಲ್ಲಿ ಮನಸ್ಸು ತಡೆಯದೆ ನೋರಾ ಅಜ್ಜಿಯ ಊರಿಗೆ ಹೋದೆ. ನಕ್ಷೆ ನನಗೆ ಬಾಯಿಪಾಠ. ತೊರೆಯ ತನಕ ದಾರಿಯಿದೆ, ಅಲ್ಲಿಂದಾಚೆ ಬರೀ ಮುಳ್ಳುಪೊದೆ. ಆ ಚಪ್ಪಟೆ ಕಲ್ಲನ್ನು ಕಂಡವರು ಊರಲ್ಲಿ ಒಬ್ಬರೂ ಸಿಗಲಿಲ್ಲ. ನಮ್ಮ ಹಿತ್ತಲಿನಿಂದ ಒಂದು ಬೆಣಚುಕಲ್ಲು ಒಯ್ದಿದ್ದೆ. ಇಡಲು ಜಾಗ ಸಿಗದೆ ವಾಪಸು ತಂದೆ.