ಶರ್ಮಿಳಾ ಮುಚ್ಚಿಟ್ಟ ಗುಲಾಬಿ ತೋಟ

ಶರ್ಮಿಳಾಗೆ ಪಿಎಚ್.ಡಿ. ಬೇಡ ಎಂದು ಮೊದಲು ಹೇಳಿದವಳು ನಾನೇ. ನಾವಿಬ್ಬರೂ ತಮಿಳು ಗಡಿಯ ಮತ್ತಿಗಿರಿಯಲ್ಲಿ ಒಂದೇ ಕೋಣೆಯಲ್ಲಿದ್ದೆವು, ಒಂದೇ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುತ್ತಿದ್ದೆವು. ಅವಳು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ., ನಾನು ಬರೀ ಡಿಪ್ಲೊಮಾ. “ಕೆಲ್ಸ ಪರ್ಮನೆಂಟ್ ಆಗೋ ಟೈಮಲ್ಲಿ ಇದ್ಯಾವ್ ಹುಚ್ಚೇ ನಿಂಗೆ?” ಎಂದು ಬೈದಿದ್ದೆ. ಅವಳು ನಕ್ಕು ಅರ್ಜಿ ತುಂಬಿದಳು.

ಚೆನ್ನೈಯ ಒಂದು ಸಂಶೋಧನಾ ಸಂಸ್ಥೆಯ ಲಿಖಿತ ಪರೀಕ್ಷೆಯನ್ನು ಎರಡು ವರ್ಷವೂ ಸಲೀಸಾಗಿ ದಾಟಿದಳು. ಸಂದರ್ಶನದಲ್ಲಿ ಎರಡು ವರ್ಷವೂ ಮುಗ್ಗರಿಸಿದಳು. ಕಾರಣ ನನಗೆ ಗೊತ್ತಿತ್ತು. ನಮ್ಮ ಕಡೆಯವರಿಗೆ ಒಂದು ರೋಗವಿದೆ: ದೊಡ್ಡ ಕಚೇರಿಯ ಮುಂದೆ ನಿಂತರೆ ಮನೆಯ ಕಸುಬನ್ನು ಬಾಯಿಗೇ ತರುವುದಿಲ್ಲ. ನಮ್ಮೂರು ಬೇರಿಕೆಯ ಹತ್ತಿರ ಅವಳ ತಾಯಿ ಮುನಿರತ್ನಮ್ಮ ಪಾಲಿಹೌಸಿನಲ್ಲಿ, ಅಂದರೆ ಪ್ಲಾಸ್ಟಿಕ್ ಹೊದಿಸಿದ ಚಪ್ಪರದಡಿ, ಗುಲಾಬಿ ಬೆಳೆಯುತ್ತಿದ್ದರು. ಈ ಮಹಾರಾಯಿತಿ ಅದನ್ನು ಬಚ್ಚಿಟ್ಟು, ಅರ್ಜಿಯಲ್ಲಿ ಕಪ್ಪುರಂಧ್ರಗಳ ಬಗ್ಗೆ ಸಂಶೋಧನೆ ಮಾಡುತ್ತೇನೆಂದು ಬರೆದಿದ್ದಳು. ಎರಡನೇ ಪ್ರಶ್ನೆಗೇ ಓದಿದ್ದೆಲ್ಲ ಮುಗಿದುಹೋಗುತ್ತಿತ್ತು.

ಮೂರನೇ ಸಲ, ೨೦೧೮ರಲ್ಲಿ, “ಇದೇ ಕೊನೆ, ಸರಳಾ. ಆಗ್ಲಿಲ್ಲ ಅಂದ್ರೆ ಕಾರ್ಖಾನೆ ಪರ್ಮನೆಂಟ್ ಕಾಗದಕ್ಕೆ ಸೈನ್ ಹಾಕ್ಬುಡ್ತೀನಿ” ಎಂದಳು. ಆ ಮಾತು ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ. ನಾನು ಬಯಸಿದ್ದು ಅದನ್ನೇ. ಆದರೂ ಅದು ನನಗೆ ಹಿಡಿಸಲಿಲ್ಲ.

ಅಂದಿನ ಸಂದರ್ಶನದ ಕಥೆಯನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ ಬಾಯಿಪಾಠವಾಗಿದೆ. ಕಪ್ಪುರಂಧ್ರದ ವಿಷಯ ಎರಡೇ ನಿಮಿಷಕ್ಕೆ ಮುಗಿಯಿತು. ಒಬ್ಬ ಹಿರಿಯ ಪ್ರೊಫೆಸರ್ ಅವಳ ವಿಳಾಸ ನೋಡಿ, ನಿಮ್ಮೂರಲ್ಲಿ ಗುಲಾಬಿ ಬೆಳೆಯುತ್ತಾರಲ್ಲ, ಅದರಲ್ಲಿ ಭೌತಶಾಸ್ತ್ರ ಏನಾದರೂ ಕಂಡಿದೆಯಾ ಎಂದು ಕೇಳಿದರು. ಗೇಲಿ ಮಾಡುತ್ತಿದ್ದಾರೆಂದು ಇವಳಿಗೆ ಸಿಟ್ಟು ಬಂತು. ಸಿಟ್ಟಿಗೆ ನಾಲಿಗೆ ಸಡಿಲವಾಯಿತು.

ಎದ್ದು ಬೋರ್ಡಿನ ಮೇಲೆ ಪಾಲಿಹೌಸಿನ ಚಿತ್ರ ಬರೆದಳು. ಬೆಳಗಿನ ಚಳಿಗೆ ಪ್ಲಾಸ್ಟಿಕ್ ಶೀಟಿನ ಒಳಮೈಯಲ್ಲಿ ನೀರು ಹನಿಗಟ್ಟುತ್ತದೆ. ಹನಿ ಮೊಗ್ಗಿನ ಮೇಲೆ ಬಿದ್ದರೆ ಕಲೆ, ಕಲೆಯಾದ ಹೂವನ್ನು ಯಾರೂ ಕೊಳ್ಳುವುದಿಲ್ಲ. ಅದಕ್ಕೇ ಅವಳ ತಾಯಿ ಅಂಟುವಾಳದ ಕಾಯಿ ನೆನೆಸಿದ ನೀರನ್ನು ಶೀಟಿಗೆ ಬಳಿಯುತ್ತಾರೆ. ಆಗ ನೀರು ಹನಿಗಟ್ಟದೆ ತೆಳ್ಳಗೆ ಹರಡಿ ಇಳಿಜಾರಿನಲ್ಲಿ ಜಾರಿ ಹೋಗುತ್ತದೆ. ಶೀಟು ಜೋತುಬಿದ್ದ ಕಡೆ ಏನು ಬಳಿದರೂ ತೊಟ್ಟಿಕ್ಕುತ್ತದೆ. ಆ ಸಾಲಿನಲ್ಲಿ ಮುನಿರತ್ನಮ್ಮ ಗುಲಾಬಿ ಬಿಟ್ಟು ಕೊತ್ತಂಬರಿ ಹಾಕಿದ್ದಾರೆ.

“ಬಳಿದದ್ದು ಎಷ್ಟು ದಿನ ತಡೆಯುತ್ತದೆ?” ಎಂದರು ಪ್ರೊಫೆಸರ್.

“ಹನ್ನೊಂದು ದಿನ, ಸಾರ್.”

“ಆಮೇಲೆ ಯಾಕೆ ನಿಲ್ಲುತ್ತದೆ?”

“ಗೊತ್ತಿಲ್ಲ ಸಾರ್. ಅದನ್ನು ತಿಳಿಯೋಕೇ ಬಂದಿದ್ದೀನಿ.”

ಅಲ್ಲಿಯವರೆಗೆ ಬರೆದುಕೊಳ್ಳುತ್ತಿದ್ದವರೆಲ್ಲ ಪೆನ್ನು ಕೆಳಗಿಟ್ಟರಂತೆ. ವಾರದೊಳಗೆ ಆಯ್ಕೆಯ ಪತ್ರ ಬಂತು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ನನ್ನ ಸೊಂಟ ಹಿಡಿದೆತ್ತಿ ಒಂದು ಸುತ್ತು ತಿರುಗಿಸಿಬಿಟ್ಟಳು, ಸಾಂಬಾರಿನ ತಟ್ಟೆ ಸಮೇತ.

ಆರು ವರ್ಷ ಅದೇ ಹನಿಯ ಹಿಂದೆ ಬಿದ್ದಳು. ಒಂದು ವರ್ಷವಂತೂ ಪ್ರಯೋಗಾಲಯದಲ್ಲಿ ಏನೂ ಸರಿಹೋಗದೆ ಫೋನಿನಲ್ಲಿ ಅತ್ತಳು. ಆಗ ಮಾತ್ರ ವಾಪಸ್ ಬಾ ಎನ್ನಲು ನನಗೆ ಬಾಯಿ ಬರಲಿಲ್ಲ.

ಪಿಎಚ್.ಡಿ.ಯ ಕೊನೆಯ ಮೌಖಿಕ ಪರೀಕ್ಷೆ ಎಲ್ಲರ ಎದುರು ನಡೆಯುತ್ತದೆ. ನಾನೂ ಮುನಿರತ್ನಮ್ಮನೂ ಚೆನ್ನೈಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆವು. ಹೊರಗಿನಿಂದ ಬಂದ ಪರೀಕ್ಷಕರು ಬಿಗಿ ಮುಖದವರು. ಇದೆಲ್ಲ ಪ್ರಯೋಗಾಲಯದ ಮಾತು, ನಿಜವಾದ ತೋಟದಲ್ಲಿ ನಿಲ್ಲುತ್ತದೆಯೇ ಎಂದು ಪಟ್ಟು ಹಿಡಿದರು. ಶರ್ಮಿಳಾ ಹೇಳಿದ ಉತ್ತರ ಅವರಿಗೆ ಸಾಲಲಿಲ್ಲ. ಸಭಿಕರಿಗೇನಾದರೂ ಕೇಳುವುದಿದೆಯೇ ಎಂದು ಅಧ್ಯಕ್ಷರು ತಮಿಳಿನಲ್ಲಿ ವಿಚಾರಿಸಿದರು. ನೋಡಿದರೆ, ನನ್ನ ಪಕ್ಕದಲ್ಲಿ ಮುನಿರತ್ನಮ್ಮ ಎದ್ದು ನಿಂತಿದ್ದಾರೆ!

“ಹಳೇ ಶೀಟ್‌ಗೆ ಒಂದ್ಸಲ ಬಳುದ್ರೆ ಸಾಕು. ಹೊಸಾದಕ್ಕೆ ಮೂರ್ಸಲ ಬಳುದ್ರೂ ನೀರು ಹನಿಗಟ್ಟುತ್ತೆ. ಅದ್ಯಾಕಮ್ಮಾ?”

ಶರ್ಮಿಳಾ ಪ್ರಶ್ನೆಯನ್ನು ಪರೀಕ್ಷಕರಿಗೆ ಇಂಗ್ಲಿಷಿನಲ್ಲಿ ಹೇಳಿ, ಸೀಮೆಸುಣ್ಣ ಹಿಡಿದು ತಾಯಿಯತ್ತ ತಿರುಗಿದಳು. ಬಿಸಿಲು ಬಿದ್ದು ಬಿದ್ದು ಪ್ಲಾಸ್ಟಿಕ್ಕಿನ ಮೈ ಹೇಗೆ ಬದಲಾಗುತ್ತದೆ, ಆ ಮೈಗೆ ನೀರು ಯಾಕೆ ಒಗ್ಗುತ್ತದೆ ಎಂಬುದನ್ನು ನಮ್ಮ ಬೇರಿಕೆಯ ಕನ್ನಡದಲ್ಲೇ, ಹತ್ತು ನಿಮಿಷ, ತಡವರಿಸದೆ ಬಿಡಿಸಿ ಹೇಳಿದಳು. ಪರೀಕ್ಷಕರಿಗೆ ಭಾಷೆ ತಿಳಿಯದಿದ್ದರೂ ಬೋರ್ಡು ತಿಳಿಯುತ್ತಿತ್ತು. ಮುಂದಕ್ಕೆ ಬಾಗಿ ನೋಡುತ್ತಿದ್ದರು.

“ಸರಿ, ಅರ್ಥ ಆಯ್ತು” ಎಂದು ಮುನಿರತ್ನಮ್ಮ ತಲೆಯಾಡಿಸಿ, ಕೂರುವಂತೆ ಕೈಸನ್ನೆ ಮಾಡಿದರು. “ನಿಂತೂ ನಿಂತೂ ಕಾಲು ನೋಯುತ್ತೆ, ಕೂತ್ಕೊಳೇ.”

ಪರೀಕ್ಷಕರು ತಾವೇ ಎದ್ದು ತಮ್ಮ ಕುರ್ಚಿಯನ್ನು ಶರ್ಮಿಳಾ ಕಡೆಗೆ ತಳ್ಳಿ, “ಕುಳಿತುಕೊಳ್ಳಿ, ಡಾಕ್ಟರ್” ಎಂದರು.