ಕಿಂಡಿಯಲ್ಲಿ ಸಿಕ್ಕಿಕೊಂಡ ಮಾತು

ಬೆಳಗಿನ ಆರೂ ಕಾಲು. ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ಒಂದು ಕಚೇರಿಯ ನಾಲ್ಕನೇ ಮಹಡಿ ಕತ್ತಲಲ್ಲಿದೆ. ಇಲ್ಲಿನ ದೀಪಗಳು ಮನುಷ್ಯ ಅಲ್ಲಾಡಿದರೆ ಉರಿಯುತ್ತವೆ, ಸುಮ್ಮನಾದರೆ ಆರುತ್ತವೆ. ಅಷ್ಟು ದೊಡ್ಡ ಹಾಲಿನಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ, ಅದರ ಕೆಳಗಿನ ಮೇಜಿನಡಿಯಿಂದ ಎರಡು ಪಾದಗಳು ಹೊರಗೆ ಚಾಚಿವೆ. ದೀಪ ಆರಿದಾಗಲೆಲ್ಲ ಮೇಜಿನಡಿಯಿಂದ ಒಂದು ಕೈ ಬಂದು ಗಾಳಿಯಲ್ಲಿ ಬೀಸುತ್ತದೆ. ಮತ್ತೆ ಬೆಳಕಾಗುತ್ತದೆ.

ಆ ಕೈ ಆನ್ಸಿಲ್ಲಾ ಡಿಸೋಜ ಅವರದು. ವಯಸ್ಸು ಐವತ್ತಾರು. ಬ್ಲ್ಯಾಕ್‌ಟೌನ್‌ನಿಂದ ನಾಲ್ಕೂ ಮುಕ್ಕಾಲರ ಟ್ರೈನ್ ಹಿಡಿದು ಬರುವ ಇವರ ಕೆಲಸ, ಉಳಿದವರು ಕುರ್ಚಿಗೆ ಬರುವ ಮೊದಲು ಅವರ ಕಂಪ್ಯೂಟರುಗಳ ಕಾಯಿಲೆ ವಾಸಿ ಮಾಡುವುದು. ಆರು ಮಹಡಿ, ಮುನ್ನೂರ ನಲವತ್ತು ಮೇಜು, ದಿನಕ್ಕೆ ಹೆಚ್ಚುಕಡಿಮೆ ಮೂವತ್ತು ದೂರು. ಕಚೇರಿಯ ಹುಡುಗರಿಗೆಲ್ಲ ಇವರು ‘ಆಂಟಿ’. ಪೂರ್ತಿ ಹೆಸರು ಕೇಳಿದರೆ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ.

ಇವತ್ತಿನ ರೋಗಿ ಮೈಸೂರಿನ ಹುಡುಗ ವಿಕ್ರಮ್‌ನ ಲ್ಯಾಪ್‌ಟಾಪ್. ಪರದೆಯ ಮೇಲೆ ಒಂದು ಎಚ್ಚರಿಕೆ ಕೂತಿದೆ: ಯುಎಸ್‌ಬಿ ಸಾಧನಗಳನ್ನು ನಿಲ್ಲಿಸಲಾಗಿದೆ, ಹೆಚ್ಚು ಪವರ್ ಎಳೆಯುತ್ತಿರುವುದನ್ನು ಬಿಚ್ಚಿ. ಯಾವುದು ಎಳೆಯುತ್ತಿದೆ ಎಂದು ಮಾತ್ರ ಅದು ಹೇಳುವುದಿಲ್ಲ. ಆನ್ಸಿಲ್ಲಾ ಎಲ್ಲವನ್ನೂ ಬಿಚ್ಚುತ್ತಾರೆ. ಮೌಸ್, ಕೀಬೋರ್ಡ್, ಹೆಡ್‌ಸೆಟ್, ಫೋನಿನ ವೈರು, ಅಂಗೈಯಗಲದ ಫ್ಯಾನು. ಆಮೇಲೆ ಒಂದೊಂದೇ ಚುಚ್ಚಿ, ಪ್ಲಗ್ಗಿನ ಮೇಲೆ ಬೆರಳ ಹಿಂಬದಿ ಇಟ್ಟು, ಮಗುವಿನ ಜ್ವರ ನೋಡುವಂತೆ ನೋಡುತ್ತಾರೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಮನಸ್ಸಿನಲ್ಲೇ ಕೊಂಕಣಿಯ ‘ನಮಾನ್ ಮರಿಯೆ’ ಪ್ರಾರ್ಥನೆ ಒಂದು ಸಲ ಹೇಳಿಕೊಳ್ಳುತ್ತಾರೆ.

“ಗಡಿಯಾರ ನೋಡಿದ್ರೆ ಅವಸರ ಆಗ್ತದೆ ಮಾರಾಯ್ರೆ. ಪ್ರಾರ್ಥನೆಗೆ ಅವಸರ ಮಾಡ್ಲಿಕ್ಕೆ ಆಗೂದಿಲ್ಲ. ಒಂದು ಪ್ರಾರ್ಥನೆ ಮುಗಿಯುವಷ್ಟರಲ್ಲಿ ಕಳ್ಳ ಇದ್ರೆ ಬಿಸಿಯಾಗ್ಲಿಕ್ಕೆ ಶುರು ಆಗ್ತಾನೆ.”

ಐದನೇ ಪ್ರಾರ್ಥನೆಗೆ ಕಳ್ಳ ಸಿಕ್ಕಿಬೀಳುತ್ತಾನೆ, ಅದೇ ಪುಟ್ಟ ಫ್ಯಾನು. ಆನ್ಸಿಲ್ಲಾ ಅದರ ಕುತ್ತಿಗೆಗೆ ಚೀಟಿ ಕಟ್ಟಿ ತಮ್ಮ ಬಿಸ್ಕತ್ತಿನ ಡಬ್ಬಕ್ಕೆ ಹಾಕುತ್ತಾರೆ. ಡಬ್ಬದಲ್ಲಿ ಅದರ ಅಣ್ಣತಮ್ಮಂದಿರು ಹತ್ತಾರು ಇದ್ದಾರೆ.

ಇದೆಲ್ಲ ಏಕೆ ಆಗುತ್ತದೆ ಎಂದು ಕೇಳಿದರೆ ಅವರು ಇಂಜಿನಿಯರುಗಳ ಹಾಗೆ ಅಂಕಿ ಹೇಳುವುದಿಲ್ಲ. “ಒಂದು ಪಾತ್ರೆ ಗಂಜಿ ಉಂಟು, ಉಣ್ಣುವವರು ಐದು ಜನ. ಒಬ್ಬ ಎರಡು ಬಟ್ಟಲು ಹೊಡೆದ್ರೆ ಅಮ್ಮ ಎಂತ ಮಾಡ್ತಾಳೆ? ಪಾತ್ರೆಗೆ ಮುಚ್ಚಳ ಹಾಕ್ತಾಳೆ. ಆಗ ಯಾರಿಗೂ ಇಲ್ಲ. ಲ್ಯಾಪ್‌ಟಾಪ್ ಮಾಡೂದು ಅಷ್ಟೇ. ಅದು ಹಾಳಾದದ್ದಲ್ಲ, ಹಾಳಾಗಬಾರ್ದು ಅಂತ ಬಾಗಿಲು ಹಾಕಿದ್ದು.”

ಈ ವಿದ್ಯೆ ಬಂದದ್ದು ಮಂಗಳೂರು ಕಡೆಯ ಕಿನ್ನಿಗೋಳಿಯಲ್ಲಿ ಅಪ್ಪ ಇಟ್ಟಿದ್ದ ರೇಡಿಯೋ ರಿಪೇರಿ ಅಂಗಡಿಯಿಂದ. ರೇಡಿಯೋದ ಹೊಟ್ಟೆಯೊಳಗಿನ ಧೂಳನ್ನು ಅಪ್ಪ ತೆಗೆಯುತ್ತಿದ್ದದ್ದು ಹಿಡಿಸೂಡಿಯ ಕಡ್ಡಿಯಿಂದ, ಅಂದರೆ ತೆಂಗಿನ ಪೊರಕೆಯ ಕಡ್ಡಿಯಿಂದ. ಕಬ್ಬಿಣದ ಸೂಜಿ ತಾಗಿದರೆ ಶಾರ್ಟ್ ಆಗುತ್ತದೆ, ಈ ಕಡ್ಡಿ ಬಳುಕುತ್ತದೆ, ಗೀರುವುದಿಲ್ಲ. ಆನ್ಸಿಲ್ಲಾ ಅವರ ಚೀಲದಲ್ಲಿ ಇವತ್ತಿಗೂ ಬ್ಲ್ಯಾಕ್‌ಟೌನಿನ ಇಂಡಿಯನ್ ಅಂಗಡಿಯ ಪೊರಕೆಯಿಂದ ಎಳೆದ ನಾಲ್ಕು ಕಡ್ಡಿ ಇವೆ.

2004ರಲ್ಲಿ ಗಂಡ ವಿಲ್ಫಿ ಜೊತೆ ಸಿಡ್ನಿಗೆ ಬಂದಾಗ ಸಿಕ್ಕ ಕೆಲಸ ಇದೇ ಕಟ್ಟಡದಲ್ಲಿ ಕಸ ಗುಡಿಸುವುದು. ಎಂಟು ವರ್ಷ ಗುಡಿಸಿದರು. ಮೇಜು ಒರೆಸುವಾಗ ಯಾವ ಪ್ಲಗ್ಗು ಬಿಸಿ, ಯಾವುದು ಸಡಿಲ ಎಂದು ಬೆರಳಿಗೇ ತಿಳಿಯುತ್ತಿತ್ತು. ‘ಇದು ಬಿಸಿಯಾಗಿದೆ, ದಯವಿಟ್ಟು ಬಿಚ್ಚಿ’ ಎಂದು ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿ ಹೋಗುತ್ತಿದ್ದರು. ಚೀಟಿ ಅಂಟಿಸುವ ಭೂತ ಯಾವುದಪ್ಪಾ ಎಂದು ಐಟಿ ವಿಭಾಗದವರು ಒಂದು ಬೆಳಿಗ್ಗೆ ಕಾದು ಕುಳಿತರೆ, ಪೊರಕೆ ಹಿಡಿದ ಹೆಂಗಸು! ಅವರ ಒತ್ತಾಯಕ್ಕೆ ಎರಡು ವರ್ಷ ಸಂಜೆ ಕಾಲೇಜಿಗೆ ಹೋಗಿ ಸರ್ಟಿಫಿಕೇಟು ಪಡೆದಾಗ ಇವರಿಗೆ ಐವತ್ತೆರಡು. ಆ ವಯಸ್ಸಿನಲ್ಲಿ ನಾವು ಹೊಸ ಫೋನಿನ ಅಲಾರಾಂ ಇಡುವುದಕ್ಕೂ ಮಕ್ಕಳನ್ನು ಕರೆಯುತ್ತೇವೆ.

ಹೀಗೆ ದಿನಕ್ಕೆ ಮೂವತ್ತು ಕಳ್ಳರನ್ನು ಹಿಡಿಯುವ ಆನ್ಸಿಲ್ಲಾ ಹಿಡಿದ ಕಳ್ಳನ ಹೆಸರು ಮುಚ್ಚಿಟ್ಟದ್ದು ಒಂದೇ ಒಂದು ಸಲ. ಅದು ನಡೆದದ್ದು 2017ರ ದಸರೆಯ ಬೆನ್ನಿಗೆ, ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ.

ಅಲ್ಲಿನ ಹೊಸ ಬಡಾವಣೆಯ ಮನೆಯೊಂದರಲ್ಲಿ ಪಂಚಾಕ್ಷರಯ್ಯ ಮತ್ತು ರತ್ನವ್ವ ತಮ್ಮ ಮಗ ಚಂದ್ರಶೇಖರ್ ಜೊತೆ ಇದ್ದಾರೆ. ಪಂಚಾಕ್ಷರಯ್ಯನವರು ಗದಗದ ಕಡೆ ಕನ್ನಡ ಶಾಲೆಯ ಮೇಷ್ಟ್ರಾಗಿದ್ದವರು. 2012ರಲ್ಲಿ ಗಂಟಲಿನ ಆಪರೇಷನ್ ಆಗಿ ಅವರ ದನಿ ಹೋಯಿತು. ರತ್ನವ್ವನವರಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿವೆ. ಆತನಿಗೆ ಮಾತಾಡಲು ಬಾರದು, ಬರೆದು ತೋರಿಸಿದರೆ ಆಕೆಗೆ ಕಾಣದು. ಇಬ್ಬರ ನಡುವೆ ಇದ್ದ ಸೇತುವೆ ಒಂದು ಹಳೆಯ ಲ್ಯಾಪ್‌ಟಾಪ್ ಮತ್ತು ಅದಕ್ಕೆ ಯುಎಸ್‌ಬಿಯಲ್ಲಿ ಸಿಕ್ಕಿಸುವ ಒಂದು ಗುಂಡಿಗಳ ಹಲಗೆ. ಆಪರೇಷನ್ನಿಗೆ ಮುಂಚೆ ಮೂರು ದಿನ ಕೂತು ಮೇಷ್ಟ್ರು ತಮ್ಮದೇ ದನಿಯಲ್ಲಿ ನೂರ ಇಪ್ಪತ್ತು ವಾಕ್ಯ ರೆಕಾರ್ಡ್ ಮಾಡಿದ್ದರು. ಗುಂಡಿ ಒತ್ತಿದರೆ ದನಿ ಬರುತ್ತದೆ. ಐದು ವರ್ಷ ಆ ದಂಪತಿ ಸಂಸಾರ ನಡೆಸಿದ್ದು ಆ ನೂರ ಇಪ್ಪತ್ತು ವಾಕ್ಯಗಳಲ್ಲಿ.

ವಿಜಯದಶಮಿಯ ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ಅದೇ ಎಚ್ಚರಿಕೆ ಬಂತು, ಎಲ್ಲ ಯುಎಸ್‌ಬಿ ಕಿಂಡಿಗಳೂ ನಿಂತವು. ಹಲಗೆ ಕಾಣಿಸದಿದ್ದರೆ ಆ ಪ್ರೋಗ್ರಾಮು ತೆರೆಯುವುದೇ ಇಲ್ಲ. ಅದನ್ನು ಮಾಡಿದ ಕಂಪನಿ ಎಂದೋ ಮುಚ್ಚಿದೆ, ಹೊಸ ಲ್ಯಾಪ್‌ಟಾಪಿನಲ್ಲಿ ಅದು ಏಳದು. ಅಂಗಡಿಯೊಂದರಲ್ಲಿ ಹಲಗೆ ಸುಟ್ಟಿದೆ ಎಂದರು, ಇನ್ನೊಂದರಲ್ಲಿ ಲ್ಯಾಪ್‌ಟಾಪನ್ನೇ ಎಸೆಯಿರಿ ಎಂದರು. ಚಂದ್ರಶೇಖರ್ ತನ್ನ ಕಾಲೇಜಿನ ಗೆಳೆಯ, ಅದೇ ಮೈಸೂರಿನ ವಿಕ್ರಮ್‌ಗೆ ಫೋನ್ ಮಾಡಿದ. ವಿಕ್ರಮ್ ಓಡಿ ಬಂದು ನಿಂತದ್ದು ಆಂಟಿಯ ಮುಂದೆ.

ಆ ಗುರುವಾರ ಮಧ್ಯಾಹ್ನ ಆನ್ಸಿಲ್ಲಾ ಊಟ ಬಿಟ್ಟು ಸಿಡ್ನಿಯಿಂದ ಫೋನ್ ಮಾಡಿದಾಗ ಚಂದ್ರಶೇಖರ್ ಡ್ಯೂಟಿಯಲ್ಲಿದ್ದ. ಫೋನ್ ಎತ್ತಿದ್ದು ರತ್ನವ್ವ.

“ತಂಗಿ, ನನಗ ಕಣ್ಣ ಕಾಣಂಗಿಲ್ಲ. ಅವರಿಗೆ ಮಾತ ಬರಂಗಿಲ್ಲ. ನೀ ಯಾರಿಗೆ ಹೇಳ್ತೀಯವ್ವಾ?”

ಆನ್ಸಿಲ್ಲಾ ಹೇಳಿದರು: “ಅಮ್ಮಾ, ಫೋನು ಸ್ಪೀಕರಲ್ಲಿ ಹಾಕಿ ಮೇಜಿನ ಮೇಲೆ ಇಡಿ. ಮೇಷ್ಟ್ರಿಗೆ ಕಿವಿ ಉಂಟಲ್ಲ? ನಾನು ಕೇಳ್ತೇನೆ, ಅವರು ಮೇಜು ತಟ್ಟಲಿ. ಒಂದು ತಟ್ಟಿದ್ರೆ ಹೌದು, ಎರಡು ತಟ್ಟಿದ್ರೆ ಅಲ್ಲ.”

ನಲವತ್ತು ನಿಮಿಷ ಹಾಗೆ ನಡೆಯಿತು. ಮೌಸ್ ಬಿಚ್ಚಿದ್ರಾ? ಟಕ್. ಎಚ್ಚರಿಕೆ ಹೋಯ್ತಾ? ಟಕ್ ಟಕ್. ಹಲಗೆ ಬಿಚ್ಚಿದ್ರಾ? ಟಕ್. ಪೂರ್ತಿ ಆಫ್ ಮಾಡಿ, ನಾನು ಒಂದು ಪ್ರಾರ್ಥನೆ ಹೇಳುವವರೆಗೆ ಕಾಯಿರಿ, ಆನ್ ಮಾಡಿ. ಈಗ ಒಂದು ವೈರೂ ಇಲ್ಲ ಅಲ್ವಾ? ಟಕ್. ಆದ್ರೂ ಎಚ್ಚರಿಕೆ ಉಂಟಾ?

ಟಕ್.

ಚಾಟ್ಸ್‌ವುಡ್‌ನಲ್ಲಿ ಆನ್ಸಿಲ್ಲಾ ಎದ್ದು ನಿಂತುಬಿಟ್ಟರು. ಏನೂ ಸಿಕ್ಕಿಸದೆಯೂ ಪವರ್ ಸೋರುತ್ತಿದೆ ಎಂದರೆ ಹಲಗೆ ಸುಟ್ಟಿಲ್ಲ, ದೋಷ ಇರುವುದು ಕಿಂಡಿಯಲ್ಲೇ. ಮೇಷ್ಟ್ರ ದನಿ ಒಳಗೆ ಬದುಕಿದೆ. ಎದುರಿಗೆ ಇಟ್ಟುಕೊಂಡು ನೋಡಿದ ಎರಡು ಅಂಗಡಿಯವರಿಗೆ ಕಾಣದ್ದು ಎಂಟುನೂರು ಕಿಲೋಮೀಟರ್ ಆಚೆಯಿಂದ ಬರಿಯ ತಟ್ಟುವ ಸದ್ದಿನಲ್ಲಿ ಇವರಿಗೆ ಕಂಡಿತು. ಇದನ್ನು ಕೇಳಿದಾಗ ನಮ್ಮ ಮೈ ಜುಮ್ಮೆಂದಿತು, ಅದನ್ನು ಮುಚ್ಚಿಡುವುದೇಕೆ?

“ಎಂತದೂ ಆಗ್ಲಿಲ್ಲ ಅಮ್ಮಾ, ಸರಿ ಮಾಡುವ” ಎಂದು ಅವರು ಫೋನ್ ಇಡುವಾಗ ರತ್ನವ್ವ ಹೇಳಿದ ಮಾತು ಎರಡು ದಿನ ಬೆನ್ನು ಬಿಡಲಿಲ್ಲ. “ಮುಂಜಾನೆ ಎದ್ದ ಕೂಡ್ಲೆ ‘ರತ್ನಾ, ಚಾ ಆತೇನ’ ಅಂತಿದ್ರು. ಕೇಳೋರಽ ಇಲ್ದ ಚಾ ಹೆಂಗ ಮಾಡ್ಲಿ?”

ಶನಿವಾರದ ಮೊದಲ ವಿಮಾನಕ್ಕೆ ಟಿಕೆಟ್ ಬುಕ್ ಆಯಿತು. ಬಸ್ ಡ್ರೈವರಾದ ವಿಲ್ಫಿ ಏರ್‌ಪೋರ್ಟಿಗೆ ಬಿಡುವಾಗ ನಕ್ಕರಂತೆ: “ಲ್ಯಾಪ್‌ಟಾಪ್ ನೋಡ್ಲಿಕ್ಕೆ ವಿಮಾನದಲ್ಲಿ ಹೋಗುವ ಡಾಕ್ಟರು ಆಸ್ಟ್ರೇಲಿಯಾದಲ್ಲಿ ನೀನೊಬ್ಬಳೇ.”

ವಿಂಡಮ್ ವೇಲ್‌ನ ಅಡುಗೆಮನೆಯ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ, ಲ್ಯಾಪ್‌ಟಾಪ್ ಮಲಗಿಸಿ, ಆನ್ಸಿಲ್ಲಾ ಟಾರ್ಚ್ ಬಿಟ್ಟು ಕಿಂಡಿಯೊಳಗೆ ನೋಡಿದರು. ಧೂಳು ಕಪ್ಪಗಿರುತ್ತದೆ, ಕಿಲುಬು ಹಸಿರಾಗಿರುತ್ತದೆ. ಇದು ಕೆಂಪಗಿತ್ತು. ಹಿಡಿಸೂಡಿ ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ ಮೆಲ್ಲಗೆ ಒಳಗೆ ತಿರುಗಿಸಿ ತೆಗೆದರೆ ಟವೆಲಿನ ಮೇಲೆ ಕುಂಕುಮ.

ಆಯುಧ ಪೂಜೆಯ ಕುಂಕುಮ! ಅವರ ಕಡೆ ಅದು ಖಂಡೆ ಪೂಜೆ. ಮನೆಯ ಕುಡುಗೋಲು, ಕಾರು, ಮಿಕ್ಸಿ ಎಲ್ಲಕ್ಕೂ ಅವತ್ತು ರಜೆ. ಲ್ಯಾಪ್‌ಟಾಪನ್ನೂ ಆರಿಸಿ ದೇವರ ಜಗುಲಿಯ ಮುಂದೆ ಇಟ್ಟಿದ್ದರು. ರತ್ನವ್ವ ಕೈಯಿಂದ ತಡವುತ್ತ ಎಲ್ಲಕ್ಕೂ ವಿಭೂತಿ ಎಳೆದು, ನೀರಲ್ಲಿ ಕಲಸಿದ ಕುಂಕುಮ ಹಚ್ಚಿದರು. ಗಂಡನ ಮಾತು ಬರುವುದು ಈ ಬಾಯಿಂದಲೇ ಅಲ್ಲವೇ ಎಂದು ಹಲಗೆ ಸಿಕ್ಕಿಸುವ ಕಿಂಡಿಗೆ ಬೆರಳು ಒತ್ತಿ ಇನ್ನೊಂದು ಬೊಟ್ಟು ಜಾಸ್ತಿಯೇ ಇಟ್ಟರು. ಎದುರಿಗೆ ಕೂತ ಮೇಷ್ಟ್ರು ಅದನ್ನು ಕಂಡರು. ಬೇಡ ಎನ್ನಲು ದನಿ ಇಲ್ಲ, ದನಿ ಇದ್ದ ಯಂತ್ರ ಪೂಜೆಗೆ ಕೂತಿದೆ. ಎದ್ದು ಬರುವಷ್ಟರಲ್ಲಿ ಮುಗಿದಿತ್ತು.

ಅವರು ಮಗನಿಗಾಗಲಿ ಅಂಗಡಿಯವರಿಗಾಗಲಿ ಅದನ್ನು ಬರೆದು ತಿಳಿಸಲೇ ಇಲ್ಲ. ಏಕೆಂದು ಆನ್ಸಿಲ್ಲಾ ಅವರಿಗೆ ಆ ಕ್ಷಣ ತಿಳಿಯಿತು. ಟವೆಲಿನ ಮೇಲಿನ ಕೆಂಪು ನೋಡಿದೊಡನೆ ಮೇಷ್ಟ್ರು ಸ್ಲೇಟು ಎಳೆದುಕೊಂಡು ದುಂಡು ಅಕ್ಷರದಲ್ಲಿ ಬರೆದು ಹಿಡಿದರು: ‘ಅವಳಿಗೆ ಹೇಳಬೇಡಿ. ಮುಂದೆ ಯಾವುದನ್ನೂ ಮುಟ್ಟಲು ಹೆದರುತ್ತಾಳೆ.’

“ಆ ಕಳ್ಳನ ಹೆಸರು ಹೇಗೆ ಹೇಳೂದು ಮಾರಾಯ್ರೆ?” ಎನ್ನುತ್ತಾರೆ ಆನ್ಸಿಲ್ಲಾ. “ಎರಡು ವಾರ ಬಾಯಿ ಇಲ್ಲದೆ ಕೂತಿದ್ದಾರೆ ಮನುಷ್ಯ. ಹೆಂಡತಿಯ ಕೈಗೆ ಅಪವಾದ ಬರಬಾರ್ದು ಅಂತ. ನಾನು ಎಷ್ಟು ಚರ್ಚಿನಲ್ಲಿ ಎಷ್ಟು ಪಾದ್ರಿಗಳ ಪ್ರಸಂಗ ಕೇಳಿದ್ದೇನೆ, ಇಂಥದ್ದು ಕೇಳ್ಲಿಲ್ಲ.”

“ಏನಾಗಿತ್ತವ್ವಾ ತಂಗಿ?” ರತ್ನವ್ವ ಕೇಳಿದರು.

“ಧೂಳು ಅಮ್ಮಾ. ಸ್ವಲ್ಪ ಧೂಳು ಕೂತಿತ್ತು.”

ರತ್ನವ್ವ “ಹೌದೇನು” ಎಂದರು. ಕಿಂಡಿ ಒಣಗಲು ಒಂದು ಗಂಟೆ ಬಿಟ್ಟು ಆನ್ಸಿಲ್ಲಾ ಲ್ಯಾಪ್‌ಟಾಪ್ ಆನ್ ಮಾಡಿದರು. ಎಚ್ಚರಿಕೆ ಬರಲಿಲ್ಲ. ಮೌಸ್ ಚುಚ್ಚಿ ಒಂದು ಪ್ರಾರ್ಥನೆ. ಹಲಗೆ ಚುಚ್ಚಿ ಇನ್ನೊಂದು, ಇದು ಬಾಯಿ ಬಿಟ್ಟೇ. ಹಲಗೆಯ ಹಸಿರು ದೀಪ ಹತ್ತಿತು. ಮೇಷ್ಟ್ರು ಚಹಾದ ಗುಂಡಿ ಒತ್ತುತ್ತಾರೆ ಎಂದು ಎಲ್ಲರೂ ಕಾದರೆ, ಅವರು ವಾಕ್ಯಪಟ್ಟಿಯ ಕೊನೆಯ ಪುಟಕ್ಕೆ ಹೋಗಿ ವರ್ಷಕ್ಕೆ ಒಂದೇ ಸಲ ಬೇಕಾಗುವ ಗುಂಡಿ ಒತ್ತಿದರು. ವಿಜಯದಶಮಿಯ ದಿನ ಬನ್ನಿ ಎಲೆ ಕೊಟ್ಟು ಹೇಳಬೇಕಾಗಿದ್ದ ಮಾತು, ಎರಡು ವಾರ ತಡವಾಗಿ, ಅವರ ತುಂಬು ದನಿಯಲ್ಲಿ ಅಡುಗೆಮನೆ ತುಂಬಿತು: “ಬನ್ನಿ ತಗೊಂಡು ಬಂಗಾರದಂಗ ಇರೋಣ.”

ರತ್ನವ್ವ ಸೆರಗಿನಿಂದ ಮುಖ ಮುಚ್ಚಿಕೊಂಡರು. ಆನ್ಸಿಲ್ಲಾ ಹಿತ್ತಲಿಗೆ ಹೋಗಿ ಮನಸಾರೆ ಅತ್ತು ಬಂದರು.

ಇಷ್ಟಕ್ಕೆ ಕತೆ ಮುಗಿಯಿತು ಎಂದುಕೊಂಡಿದ್ದರು ಅವರು. ಆದರೆ ಮರುವರ್ಷದ ಆಯುಧ ಪೂಜೆಗೆ ಎರಡು ದಿನ ಇರುವಾಗ, ಚಾಟ್ಸ್‌ವುಡ್‌ನಲ್ಲಿ ಮೇಜಿನಡಿ ಇದ್ದ ಆನ್ಸಿಲ್ಲಾ ಅವರಿಗೆ ಫೋನ್ ಬಂತು.

“ತಂಗಿ, ಈ ಸಲ ಕುಂಕುಮ ಎಲ್ಲಿ ಹಚ್ಚಲವ್ವಾ? ಧೂಳ ಕೂಡದಂಥಾ ಜಾಗಾ ಹೇಳು.”

ಕಣ್ಣಿಲ್ಲದ ರತ್ನವ್ವನಿಗೆ ಅವತ್ತೇ ಎಲ್ಲ ತಿಳಿದಿತ್ತು, ಸ್ಪಿರಿಟ್ಟಿನ ಜೊತೆ ಎದ್ದ ಕುಂಕುಮದ ವಾಸನೆ ಮೂಗಿಗೆ ಸಿಕ್ಕಿತ್ತು. ಗಂಡ ಮುಚ್ಚಿಟ್ಟದ್ದನ್ನು ಒಂದು ವರ್ಷ ತಾನೂ ಮುಚ್ಚಿಟ್ಟುಕೊಂಡಿದ್ದರು. ಸ್ಪೀಕರಿನಲ್ಲಿದ್ದ ಫೋನಿನ ಆಚೆ ಮೇಜು ತಟ್ಟುವ ಸದ್ದು ಕೇಳಿತು, ಒಂದಲ್ಲ, ಎರಡಲ್ಲ, ಹತ್ತಾರು. ಮೇಷ್ಟ್ರು ನಗುತ್ತಿದ್ದರು. ನೂರ ಇಪ್ಪತ್ತು ವಾಕ್ಯ ರೆಕಾರ್ಡ್ ಮಾಡಿದವರು ಒಂದು ನಗು ರೆಕಾರ್ಡ್ ಮಾಡಲು ಮರೆತಿದ್ದರು.

“ಮುಚ್ಚಳದ ನಟ್ಟನಡುವೆ ಹಚ್ಚಿ ಅಮ್ಮಾ” ಎಂದರು ಆನ್ಸಿಲ್ಲಾ. “ಎಷ್ಟು ಬೇಕಾದ್ರೂ ಹಚ್ಚಿ.”

“ಹಚ್ತೀನಿ. ನಿನ್ನ ಆಯುಧ ಯಾವುದವ್ವಾ? ಅದರ ಹೆಸರಿಲೆ ಒಂದು ಬೊಟ್ಟ ಇಡಬೇಕಂತೀನಿ.”

ಸ್ಕ್ರೂಡ್ರೈವರ್ ಎನ್ನಬಹುದಿತ್ತು, ಮೀಟರ್ ಎನ್ನಬಹುದಿತ್ತು. ಅಷ್ಟರಲ್ಲಿ ಅಲ್ಲಾಡದ ಆನ್ಸಿಲ್ಲಾ ಅವರ ತಲೆಯ ಮೇಲಿನ ದೀಪ ಆರಿತು. ಈ ಸಲ ಅವರು ಕೈ ಬೀಸಲಿಲ್ಲ.

“ಹಿಡಿಸೂಡಿ ಅಮ್ಮಾ” ಎಂದರು. “ನಾನು ಈ ಕಟ್ಟಡ ಗುಡಿಸಿದ್ದೂ ಅದರಲ್ಲೇ, ನಿಮ್ಮ ಮೇಷ್ಟ್ರ ಮಾತು ತೆಗೆದದ್ದೂ ಅದರಲ್ಲೇ.”