ಒಂದೂವರೆ ಇಂಚಿನ ಸಾಹೇಬರು

ಊರಿನ ಎಂಜಿನಿಯರುಗಳ ಕ್ಲಬ್ಬಿಗೆ ಯಾರೇ ಬರಲಿ, ತಲೆ ಬಾಗಿಸಿಯೇ ಒಳಗೆ ಬರುತ್ತಿದ್ದರು. ಇದಕ್ಕೆ ಅವರ ವಿನಯ ಕಾರಣ ಎಂದುಕೊಂಡರೆ ನಿಮಗೆ ಎಂಜಿನಿಯರುಗಳ ಪರಿಚಯವೇ ಇಲ್ಲ ಎಂದರ್ಥ. ಕ್ಲಬ್ಬು ಇದ್ದದ್ದು ಮೊದಲ ಮಹಡಿಯಲ್ಲಿ. ಮೇಲೆ ಹತ್ತುವ ಮೆಟ್ಟಿಲುಗಳಲ್ಲಿ ಕಟ್ಟಕಡೆಯದು ಉಳಿದವುಗಳಿಗಿಂತ ಒಂದೂವರೆ ಇಂಚು ಎತ್ತರವಾಗಿತ್ತು. ಕಾಲಿಗೆ ಅದು ಗೊತ್ತಾಗುವಷ್ಟರಲ್ಲಿ ಮೈ ಮುಂದಕ್ಕೆ ಬಾಗಿರುತ್ತಿತ್ತು. ಹಳಬರು ಅಲ್ಲಿ ಕಾಲು ಎತ್ತರಕ್ಕೆ ಎತ್ತುವುದನ್ನು ರೂಢಿಸಿಕೊಂಡಿದ್ದರೂ ಮಾತಿನ ಭರದಲ್ಲಿ ಎಡವುತ್ತಲೇ ಇದ್ದರು. ಎಡವಿದವರು ಚಪ್ಪಲಿ ಸರಿಮಾಡಿಕೊಂಡು, "ಆ ಎಡವು ಮೇಸ್ತ್ರಿ ಕೈಗೆ ಸಿಕ್ಕರೆ..." ಎಂದು ಹಲ್ಲು ಕಡಿದು ಕುರ್ಚಿ ಹುಡುಕುತ್ತಿದ್ದರು.

ಹೀಗೆ ಬೈಯುವವರಲ್ಲಿ ಎಲ್ಲರಿಗಿಂತ ದೊಡ್ಡ ದನಿ ಕ್ಲಬ್ಬಿನ ಕಾರ್ಯದರ್ಶಿಯದು. ಜನ ಅವರನ್ನು ಅಳತೆ ಸಾಹೇಬರು ಎನ್ನುತ್ತಿದ್ದರು. ಅಳತೆಯ ಟೇಪು ಜೇಬಿನಲ್ಲಿಲ್ಲದೆ ಅವರು ಹಾಲು ತರಲೂ ಹೋದವರಲ್ಲ. ಹೆಣ್ಣು ನೋಡಲು ಹೋದ ದಿನ ಹುಡುಗಿ ಬರುವುದು ತಡವಾಯಿತೆಂದು ಅವರ ಮನೆಯ ಬಾಗಿಲು ಅಳೆದು, ಚೌಕಟ್ಟು ಸೊಟ್ಟಗಿದೆ ಎಂದು ಮಾವನವರಿಗೆ ಹೇಳಿದ ಮಹಾನುಭಾವರು. ಆ ಹುಡುಗಿ ಅದು ಹೇಗೆ ಒಪ್ಪಿದಳೋ ಎಂದು ಸಾಹೇಬರಿಗೇ ಇವತ್ತಿಗೂ ಆಶ್ಚರ್ಯ.

ತಿಂಗಳ ಮೊದಲ ಶನಿವಾರ ಸಂಜೆ ಸಭೆ. ಸುಮಾರು ನಲವತ್ತು ಎಂಜಿನಿಯರುಗಳು ಅಲ್ಲಾಡುವ ಮೇಜಿನ ಕಾಲಿಗೆ ಕಾರ್ಯಸೂಚಿಯನ್ನೇ ಮಡಚಿ ಕೊಟ್ಟು, ದೇಶದ ಸೇತುವೆಗಳ ಭವಿಷ್ಯ ಚರ್ಚಿಸುತ್ತಿದ್ದರು. ಚಹಾ ಬರುವ ಮೊದಲು ತಪ್ಪೊಪ್ಪಿಗೆ. ಪ್ರತಿ ಸಭೆಯಲ್ಲೂ ಒಬ್ಬರು ತಮ್ಮ ಕೆಲಸದಲ್ಲಾದ ಒಂದು ತಪ್ಪನ್ನು ಹೇಳಬೇಕು. ಅದನ್ನು ತಪ್ಪಿನ ಪುಸ್ತಕದಲ್ಲಿ ಬರೆದಿಡಬೇಕು. ಪುಟಕ್ಕೆ ಮೂರು ಅಂಕಣ: ಏನು ತಪ್ಪು, ಏನು ಪಾಠ, ಯಾರ ತಪ್ಪು. ಸಾಹೇಬರ ಸರದಿ ಮೂರು ಸಲ ಬಂದಿತ್ತು. ಮೊದಲ ಸಲ ಅತಿಯಾದ ಪ್ರಾಮಾಣಿಕತೆ, ಎರಡನೆಯ ಸಲ ಅತಿಯಾದ ದುಡಿಮೆ, ಮೂರನೆಯ ಸಲ ಇನ್ನೊಬ್ಬರನ್ನು ಅತಿಯಾಗಿ ನಂಬಿದ್ದು. ಮೂರಕ್ಕೂ ಚಪ್ಪಾಳೆ ಬಿದ್ದಿತ್ತು.

ಆದರೆ ಪುಸ್ತಕದ ಮೊದಲ ಪುಟ ಬೇರೆಯೇ ಕಥೆ. ಮೂವತ್ತೊಂದು ವರ್ಷದ ಹಿಂದೆ ಸಾಹೇಬರ ಕೈಯಲ್ಲೇ ಬರೆದದ್ದು: ಕ್ಲಬ್ಬಿನ ಮೆಟ್ಟಿಲು. ಯಾರ ತಪ್ಪು ಎಂಬಲ್ಲಿ, "ಮೇಸ್ತ್ರಿ."

ಆ ಕಟ್ಟಡದ ನಕ್ಷೆ ಸಾಹೇಬರದೇ. ಆಗ ಇಪ್ಪತ್ತೊಂಬತ್ತರ ವಯಸ್ಸು, ತಲೆಯ ಮೇಲೆ ಎರಡು ಕೊಂಬು. ಮೆಟ್ಟಿಲಿಗೆ ಕಾಂಕ್ರೀಟು ಸುರಿಯಲು ಹಲಗೆ ಕಟ್ಟುವ ದಿನ ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಾ ಬಂದು, "ಸಾರ್, ಮೇಲಿನ ನೆಲಕ್ಕೆ ಕಲ್ಲು ಹಾಸ್ತೀವಲ್ಲ, ಅದರ ದಪ್ಪ ನಕ್ಷೇಲಿ ಸೇರಿದ ಹಾಗಿಲ್ಲ. ಕೊನೇ ಮೆಟ್ಟಿಲು ಒಂದೂವರೆ ಇಂಚು ಎದ್ದುಬಿಡುತ್ತೆ. ಕೊನೇ ಏಳೆಂಟು ಮೆಟ್ಟಿಲಿಗೆ ಅದನ್ನ ಹಂಚಿಬಿಟ್ರೆ ಯಾರ ಕಾಲಿಗೂ ಗೊತ್ತಾಗಲ್ಲ" ಎಂದಿದ್ದ.

ಸಾಹೇಬರು ನಕ್ಷೆಯಿಂದ ಕಣ್ಣೆತ್ತದೆ, "ನಕ್ಷೆ ಹಾಕೋದು ನಾನು. ಗಾರೆ ಕಲಸೋದು ನೀನು. ನಿನ್ನ ಕೆಲಸ ನೋಡ್ಕೋ" ಎಂದಿದ್ದರು.

ಮೇಸ್ತ್ರಿ ಹೇಳಿದ ಹಾಗೇ ಆಯಿತು. ಉದ್ಘಾಟನೆಗೆ ಬಂದ ಅತಿಥಿ ಎಲ್ಲರೆದುರು ಮುಗ್ಗರಿಸಿದರು. ಎಲ್ಲರೂ ಸಾಹೇಬರತ್ತ ತಿರುಗಿದಾಗ, ಅವರ ನಾಲಿಗೆ ಅವರನ್ನು ಕೇಳದೆಯೇ "ಮೇಸ್ತ್ರಿ" ಎಂದುಬಿಟ್ಟಿತು. ನಲವತ್ತು ಎಂಜಿನಿಯರುಗಳ ಬಾಯಿಂದ ಅದು ಊರಿಗೆಲ್ಲ ಹರಡಿತು. ಎಡವು ಮೇಸ್ತ್ರಿಗೆ ಮನೆ ಕಟ್ಟಲು ಕೊಡುವವರು ಯಾರು? ಆಮೇಲೆ ಅವನು ಕಟ್ಟಿದ್ದೆಲ್ಲ ಬರೀ ಕಾಂಪೌಂಡ್ ಗೋಡೆ. ಸಾಹೇಬರು ದಾರಿಯಲ್ಲಿ ಅಂಥ ಗೋಡೆ ಕಂಡರೆ ಎದುರು ಬದಿಗೆ ದಾಟುತ್ತಿದ್ದರು. ಗೋಡೆಗಳು ಮಾತ್ರ ನೂಲು ಹಿಡಿದ ಹಾಗೆ ನೆಟ್ಟಗಿದ್ದವು.

ಹೀಗಿರುವಾಗ ಒಂದು ಶನಿವಾರ ಹೊಸ ಸದಸ್ಯೆಯೊಬ್ಬಳು ಬಂದಳು. ಸೇತುವೆ ಕೆಲಸದ ಎಂಜಿನಿಯರು. ಕೊನೆಯ ಮೆಟ್ಟಿಲಿಗೆ ಸರಿಯಾಗಿ ಕಾಲೆತ್ತಿ, ಎಡವದೆ ಒಳಗೆ ಬಂದಳು. ಮೊದಲ ಸಲ ಬಂದವಳಿಗೆ ಆ ಒಂದೂವರೆ ಇಂಚು ಹೇಗೆ ಗೊತ್ತು ಎಂದು ಸಾಹೇಬರು ಕಣ್ಣು ಕಿರಿದಾಗಿಸಿ ನೋಡಿದರು. ಅಧ್ಯಕ್ಷರು ಪರಿಚಯ ಮಾಡಿಕೊಳ್ಳಿ ಎಂದಾಗ ಎದ್ದು ನಿಂತಳು.

"ನಮ್ಮಪ್ಪ ಈ ಮೆಟ್ಟಿಲು ಕಟ್ಟಿದ ಮೇಸ್ತ್ರಿ. ನೀವೆಲ್ಲ ಎಡವು ಮೇಸ್ತ್ರಿ ಅಂತೀರಲ್ಲ, ಅವರೇ. ಈಗ ಎಪ್ಪತ್ತೆರಡು ವರ್ಷ ಅವರಿಗೆ. ನಕ್ಷೇಲಿ ಇದ್ದ ಹಾಗೇ ಕಟ್ಟಿದೆ ಅಂತಾರೆ. ಆ ನಕ್ಷೆ ಒಂದ್ಸಲ ನೋಡಬಹುದಾ?"

ಅಧ್ಯಕ್ಷರು ಸಾಹೇಬರನ್ನು ನೋಡಿದರು. ನಕ್ಷೆ ಇದ್ದ ಬೀರುವಿನ ಕೀ ಇದ್ದದ್ದು ಅವರ ಹತ್ತಿರವೇ.

"ಕೀ ಎಲ್ಲೋ ಇಟ್ಟು ಮರೆತಿದ್ದೀನಿ. ಮುಂದಿನ ಸಭೆಗೆ ಹುಡುಕಿ ಇಡ್ತೀನಮ್ಮ" ಎಂದರು ಸಾಹೇಬರು. ಜೇಬಿನಲ್ಲಿ ಕೀ ಟೇಪಿಗೆ ತಾಗಿ ಕಿಣಿಕಿಣಿ ಎಂದಿತು.

"ಆಗಲಿ ಸಾರ್. ಮೂವತ್ತೊಂದು ವರ್ಷ ಕಾದಿದ್ದಾರೆ, ಇನ್ನೊಂದು ತಿಂಗಳು ತಾನೆ" ಎಂದಳು ಆಕೆ.

ಎಲ್ಲರೂ ಇಳಿದು ಹೋದ ಮೇಲೆ ಸಾಹೇಬರು ಬೀರು ತೆಗೆದು, ನಕ್ಷೆಯನ್ನು ಅಂಗಿಯೊಳಗೆ ತುರುಕಿಕೊಂಡು ಮನೆಗೆ ಬಂದರು. ಅರವತ್ತು ವರ್ಷದ ಮನುಷ್ಯ, ಮಾವಿನಕಾಯಿ ಕದ್ದ ಹುಡುಗನ ಹಾಗೆ ಹೊಟ್ಟೆ ಹಿಡಿದುಕೊಂಡು ಬಂದದ್ದು ನೋಡಿ ಹೆಂಡತಿ, "ಏನ್ರೀ, ಹೊಟ್ಟೆನೋವಾ?" ಎಂದರು. ನಕ್ಷೆ ಹೊರಗೆ ಬಂತು. ಅದರ ಹಿಂದೆಯೇ ಎಲ್ಲ ಕಥೆಯೂ ಬಂತು.

ಆಕೆ ಹುರುಳಿಕಾಯಿಯ ನಾರು ತೆಗೆಯುತ್ತಲೇ ಪೂರ್ತಿ ಕೇಳಿಸಿಕೊಂಡರು. "ನಮ್ಮಪ್ಪನ ಮನೆ ಬಾಗಿಲು ಸೊಟ್ಟ ಅಂತ ಎಷ್ಟು ಬೇಗ ಹೇಳಿದ್ರಿ ನೀವು! ನಿಮ್ಮದು ಹೇಳೋಕೆ ಇಷ್ಟು ವರ್ಷಾನಾ?"

"ಮಾನ ಹೋಗುತ್ತಲ್ಲೇ."

"ಹೋಗ್ಲಿ. ಆ ಮನುಷ್ಯಂದು ಹೋಗಿಲ್ವಾ? ಅವರನ್ನೇ ಸಭೆಗೆ ಕರೀರಿ. ಅವರ ಮುಂದೇನೇ ಹೇಳಿ."

ಮುಂದಿನ ತಿಂಗಳ ಮೊದಲ ಶನಿವಾರ ಮೇಸ್ತ್ರಿ ಬಂದರು. ಮಗಳ ತೋಳು ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ, ಹಿಂದಿನ ಸಾಲಿನಲ್ಲಿ ಕುಳಿತರು. ಸಾಹೇಬರು ಪುಸ್ತಕದ ಮೊದಲ ಪುಟ ತೆರೆದರು. ಬರೆದುಕೊಂಡು ಬಂದಿದ್ದ ಭಾಷಣದಲ್ಲಿ "ಸಂದರ್ಭದ ಒತ್ತಡ" ಎಂಬ ಮಾತು ನಾಲ್ಕು ಕಡೆ ಇತ್ತು. ನಾಲ್ಕನ್ನೂ ಬಿಟ್ಟ ಮೇಲೆ ಓದಲು ಹೆಚ್ಚೇನೂ ಉಳಿಯಲಿಲ್ಲ.

"ನೆಲದ ಕಲ್ಲಿನ ದಪ್ಪ ಮರೆತೋನು ನಾನು. ಮೇಸ್ತ್ರಿ ಮೊದಲೇ ಬಂದು ಎಚ್ಚರಿಸಿದ್ರು. ನಾನು ಕೇಳಲಿಲ್ಲ. ಆಮೇಲೆ ಅವರ ಮೇಲೆ ಹಾಕಿದೆ." ಎಲ್ಲರೂ ನೋಡುತ್ತಿದ್ದಂತೆ "ಮೇಸ್ತ್ರಿ" ಎಂಬುದನ್ನು ಹೊಡೆದು ಹಾಕಿ, ಪಕ್ಕದಲ್ಲಿ ತಮ್ಮ ಹೆಸರು ಬರೆದರು. ಈ ಸಲ ಚಪ್ಪಾಳೆ ಬೀಳಲಿಲ್ಲ.

ಮೇಸ್ತ್ರಿ ಮಗಳಿಗೆ, "ಅದನ್ನ ಓದಮ್ಮ" ಎಂದರು. ಆಕೆ ಪುಸ್ತಕದ ಹತ್ತಿರ ಹೋಗಿ ಓದಿದಳು. "ಇನ್ನೊಂದ್ಸಲ" ಎಂದರು. ಮತ್ತೆ ಓದಿದಳು. ಅವರು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. ಸಾಹೇಬರಿಗೆ ತಲೆ ಎತ್ತಲಾಗಲಿಲ್ಲ.

ಮೇಸ್ತ್ರಿಯೇ ಮಾತಾಡಿದರು. "ಆವತ್ತೇ ಹಂಚಿದ್ರೆ ಅರ್ಧ ದಿನದ ಕೆಲಸ ಸಾರ್. ಈಗ ಮೂರು ದಿನ ಬೇಕು. ಕೊನೇ ಎಂಟು ಮೆಟ್ಟಿಲನ್ನೂ ಕೊಚ್ಚಿ ಗಾರೆ ಹಾಕ್ಬೇಕು. ಕರಣೆ ನಾನು ಹಿಡೀತೀನಿ. ಗಾರೆ ಕಲಸೋಕೆ ಮಾತ್ರ ನನ್ನ ಸೊಂಟ ಬಗ್ಗಲ್ಲ."

"ಗಾರೆ ನಾನು ಕಲಸ್ತೀನಿ" ಎಂದರು ಸಾಹೇಬರು. "ನೀವು ಹೇಳಿಕೊಡಿ."

ಮೇಸ್ತ್ರಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಸೋಮವಾರ ಎಂಟಕ್ಕೆ ಬನ್ನಿ. ತಡವಾಗಿ ಬರೋರು ನನ್ನ ಹತ್ರ ಕೆಲಸಕ್ಕೆ ಬೇಡ."

ಮೂರು ದಿನ ಸಾಹೇಬರು ಮರಳು ಹೊತ್ತರು, ನೀರು ಹೊತ್ತರು, ಬೈಸಿಕೊಂಡರು. "ಇದೇನು ಸಾರ್, ಗಾರೆನಾ, ಗಂಜಿನಾ?" ಎಂದು ಮೇಸ್ತ್ರಿ ಒಂದು ಬುಟ್ಟಿಯನ್ನೇ ಬೀದಿಗೆ ಸುರಿಸಿದರು. ಟೇಪು ತೆಗೆದು ಅಳೆಯಲು ಹೋದರೆ, "ಅದನ್ನ ಒಳಗಿಡಿ, ನೂಲು ಹಿಡೀರಿ" ಎಂದರು.

ಮುಂದಿನ ಸಭೆಗೆ ಮೇಸ್ತ್ರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಮೆಟ್ಟಿಲೆಲ್ಲ ಸಮ. ಆದರೆ ಮೂವತ್ತೊಂದು ವರ್ಷ ಎತ್ತಿ ಇಟ್ಟ ಕಾಲುಗಳಿಗೆ ಅದು ಹೇಗೆ ಗೊತ್ತಾಗಬೇಕು? ಅಧ್ಯಕ್ಷರು ಕೊನೆಯ ಮೆಟ್ಟಿಲಲ್ಲಿ ಕಾಲು ಎತ್ತರಕ್ಕೆ ಎತ್ತಿ, ಇಲ್ಲದ ಒಂದೂವರೆ ಇಂಚನ್ನು ಹುಡುಕಿ, ಧೊಪ್ಪೆಂದು ಇಟ್ಟು ಮುಗ್ಗರಿಸಿದರು. ಅವರ ಹಿಂದಿದ್ದವರೂ ಸಾಲಾಗಿ ಹಾಗೇ ಬಂದರು.

"ಥೂ, ಈ ಮೇಸ್..." ಎಂದು ಅಭ್ಯಾಸದ ಮೇಲೆ ಬಾಯಿ ತೆರೆದ ಅಧ್ಯಕ್ಷರು ಅಲ್ಲಿಗೇ ನಿಲ್ಲಿಸಿದರು. ಮುಂದಿನ ಸಾಲಿನಲ್ಲಿ ಮೇಸ್ತ್ರಿಯ ಕತ್ತು ಬಾಗಿತು.

ಅಷ್ಟರಲ್ಲಿ ಸಾಹೇಬರು ಎದ್ದು ನಿಂತಿದ್ದರು. ಗಾರೆ ತಿಂದು ಬಿರುಕುಬಿಟ್ಟ ಕೈ ಮೇಲಕ್ಕೆತ್ತಿ, "ನನ್ನನ್ನ ಬೈಯ್ರಿ" ಎಂದರು. "ಗಾರೆ ನಾನು ಕಲಸಿದ್ದು."